ತರಗು ಬೆಂಕಿಯ ಲೆಕ್ಕ

ಕಳೆದ ಭಾನುವಾರ ಕಾಳ್ಗಿಚ್ಚಿನ ಬಗ್ಗೆ ಆಡಿದ ಮಾತನ್ನು ಅಚ್ಚಿನಲ್ಲಿ ಕೊಡಿ ಎಂದು ಕೆಲವರು ಕೇಳಿದ್ದಿರಿ. ತಗೊಳ್ಳಿ.

ಚೆನ್ನೈನಲ್ಲಿರುವ ನಮಗೆ ಇದು ದೂರದ ಸುದ್ದಿಯಲ್ಲ. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರನ್ನು ಬೆಂಕಿ ಸುತ್ತಿಕೊಂಡಿತು. ಸತ್ತವರು 20ಕ್ಕೂ ಹೆಚ್ಚು. ಅವರಲ್ಲಿ ಈ ಊರಿನವರೂ ಇದ್ದರು. ಮರುವರ್ಷ ಫೆಬ್ರವರಿಯಲ್ಲಿ ನಮ್ಮ ಬಂಡೀಪುರ. 10 ಸಾವಿರ ಎಕರೆಗೂ ಹೆಚ್ಚು ಕಾಡು ಕರಕಲಾಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳೇ ನೀರು ಸುರಿಯಬೇಕಾಯಿತು.

ಬಿದಿರಿಗೆ ಬಿದಿರು ಉಜ್ಜಿ ಕಿಡಿ ಹಾರುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೇವಲ್ಲ? ಕೇಳಲು ಚೆಂದ, ಅಷ್ಟೇ. ನಮ್ಮ ಕಾಡುಗಳ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರು ಹಚ್ಚಿದ್ದೇ, ಬೇಕೆಂದೋ ಅಜಾಗರೂಕತೆಯಿಂದಲೋ. ಏರುತ್ತಿರುವ ತಾಪಮಾನ ಕಿಡಿ ಹಚ್ಚುವುದಿಲ್ಲ. ಬಿದ್ದ ಕಿಡಿ ಆರದಂತೆ ತರಗೆಲೆಯನ್ನು ಬೇಗನೆ ಗರಿಗರಿ ಒಣಗಿಸಿಡುತ್ತದೆ.

ಬಿಸಿಲು ನಮ್ಮ ಕೈಯಲ್ಲಿಲ್ಲ. ನೆಲದ ಮೇಲಿನ ತರಗು? ಅದರ ಲೆಕ್ಕ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗೊತ್ತಿತ್ತು. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತಂಪಿರುವಾಗ, ಒಣಹುಲ್ಲು ತರಗೆಲೆಗೆ ಬೆಂಕಿ ಹಾಕುತ್ತಿದ್ದರು. ಮೊಣಕಾಲೆತ್ತರದ ಬೆಂಕಿ; ತರಗು ಉರಿದು ತಾನೇ ಆರುತ್ತಿತ್ತು. ಇದಕ್ಕೆ ಅವರ ಹೆಸರು ತರಗು ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಹಾಕುವುದು ಅಪರಾಧವಾಯಿತು. ಕಾಡಿನ ತುಂಬ ಲಂಟಾನ ಹಬ್ಬಿದ್ದಕ್ಕೆ ಸೋಲಿಗ ಹಿರಿಯರು ಹೇಳುವ ಕಾರಣ ಇದೇ. ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕೆಂದು ತಂದ ಗಿಡ ಅದು!

ಹಾಗಾದರೆ ನಾಳೆಯೇ ಕಡ್ಡಿ ಗೀರೋಣವೇ? ಬೇಡಿ. ಆಳೆತ್ತರ ಬೆಳೆದ ಲಂಟಾನದೊಳಗೆ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ, ಪೊದೆ ಹತ್ತಿ ಮರದ ಕೊಂಬೆಗೇ ನೆಗೆಯುತ್ತದೆ. ಮೊದಲು ಅದನ್ನು ಬೇರುಸಹಿತ ಕೀಳಬೇಕು. ವರ್ಷಗಟ್ಟಲೆ ಕೂಲಿ, ಕಾಸು ಬೇಡುವ ಕೆಲಸ. ಹೆಲಿಕಾಪ್ಟರಿನ ಹಾಗೆ ಟೀವಿಯಲ್ಲಿ ಕಾಣಿಸುವುದಿಲ್ಲ. ಉಪಗ್ರಹ ಈಗ ಬೆಂಕಿ ಕಂಡ ಕೂಡಲೇ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುತ್ತದೆ, ನಿಜ. ಆದರೆ ಹಸಿ ಸೊಪ್ಪು ಹಿಡಿದು ಬಡಿದು ಆರಿಸುವವರು ದಿನಗೂಲಿಯ ಬೆಂಕಿ ಕಾವಲುಗಾರರೇ. ಅವರಲ್ಲಿ ಸೋಲಿಗರೂ ಇದ್ದಾರೆ, ಜೇನುಕುರುಬರೂ ಇದ್ದಾರೆ.

ಊಟಿಯಿಂದ ಬಂಡೀಪುರ ದಾಟಿ ಮೈಸೂರಿಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ. ಬೇಸಿಗೆಯ ಮುಂಚೆ ಹೋದರೆ ರಸ್ತೆಯ ಅಂಚಿನಲ್ಲಿ ಕಪ್ಪಗೆ ಸುಟ್ಟ ಪಟ್ಟಿ ಕಾಣಬಹುದು. ಗಾಬರಿಯಾಗಬೇಡಿ. ನಿಮ್ಮಂಥ ಯಾರದೋ ಕಾರಿನಿಂದ ಬೀಳುವ ಸಿಗರೇಟಿನ ತುಂಡಿಗಾಗಿ ಇಲಾಖೆಯವರೇ ಮುಂಚಿತವಾಗಿ ಸುಟ್ಟಿಟ್ಟ ಬೆಂಕಿ ರೇಖೆ ಅದು.