ಅಪ್ಪನ ಕೋವಿ, ಮಗನ ಲೈಸೆನ್ಸ್

ಮಲೆನಾಡು, ಕರಾವಳಿಯ ಕೇಳುಗರು ಬಿಡದೆ ಕೇಳುವ ಪ್ರಶ್ನೆ ಒಂದಿದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದಿದ್ದ ಹಿರಿಯರು ತೀರಿಕೊಂಡಿದ್ದಾರೆ. ಕೋವಿಯನ್ನು ಠಾಣೆಗೆ ಕೊಟ್ಟರೆ ವಾಪಸು ಬರುತ್ತದೆಯೇ?

ವಾರಸುದಾರರಿಗೆ ಲೈಸೆನ್ಸ್ ಸಿಕ್ಕರೆ ಬರುತ್ತದೆ. ಸಿಗದಿದ್ದರೂ ಲೈಸೆನ್ಸ್ ಇರುವವರಿಗೆ ಅದನ್ನು ಮಾರುವ ಅವಕಾಶ ಇರುತ್ತದೆ. ಕೇಸು ಬೀಳುವುದು ಕೋವಿಯನ್ನು ಮನೆಯಲ್ಲೇ ಇಟ್ಟುಕೊಂಡವರ ಮೇಲೆ.

ಲೈಸೆನ್ಸ್ ಕೊಡುವುದು ಮನುಷ್ಯನಿಗೆ. ಮನೆಗಲ್ಲ, ತೋಟಕ್ಕಲ್ಲ. ಅದರಲ್ಲಿ ಹೆಸರಿದ್ದವರು ಕಣ್ಣು ಮುಚ್ಚಿದ ಮೇಲೆ ಅದೇ ಮೊಳೆಗೆ ತೂಗುಹಾಕಿದ ಅದೇ ಕೋವಿ, ಲೈಸೆನ್ಸ್ ಇಲ್ಲದ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ಅದನ್ನು ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಪಡೆದ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು. ವೈಕುಂಠ ಸಮಾರಾಧನೆ ಆಗಲಿ, ಪಹಣಿ ಬದಲಾಗಲಿ, ತಮ್ಮ ಊರಿಗೆ ಬರಲಿ ಎನ್ನುತ್ತ ವರ್ಷಗಟ್ಟಲೆ ಕೂರುವವರನ್ನು ಕಂಡು ಕಂಡು ಸಾಕಾಗಿದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆ. ‘ಇದು ಅಪ್ಪನದು’ ಎಂಬ ಉತ್ತರ ಕೋರ್ಟಿನಲ್ಲಿ ನಡೆಯದು.

ಮೊದಲು ಠೇವಣಿ, ಆಮೇಲೆ ಅರ್ಜಿ. ಇನ್ನೊಮ್ಮೆ ಹೇಳಬೇಕು: ಮೊದಲು ಠೇವಣಿ.

ಕೊಂಡೊಯ್ಯುವ ಮುನ್ನ ಬಲ್ಲವರಿಂದ ನಳಿಗೆ ಖಾಲಿ ಇದೆಯೇ ಎಂದು ನೋಡಿಸಬೇಕು. ಕೈಗೆ ರಸೀದಿ ಬರದೆ ಠಾಣೆಯ ಮೆಟ್ಟಿಲು ಇಳಿಯಬಾರದು. ಒಂಟಿ ನಳಿಗೆಯೋ ಜೋಡಿಯೋ, ಎಷ್ಟು ತೋಟಾ, ಕೋವಿಯ ನಂಬರು ಯಾವುದು, ಎಲ್ಲ ಅದರಲ್ಲಿರಬೇಕು. ಹಳೆಯ ಕೋವಿಗಳಲ್ಲಿ ತುಕ್ಕಿನಡಿ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಎಣ್ಣೆಬಟ್ಟೆಯಲ್ಲಿ ಒರೆಸಿ, ಹಳೆಯ ಲೈಸೆನ್ಸ್ ಪುಸ್ತಕದ ಜೊತೆ ತಾಳೆ ನೋಡಿಯೇ ಬರೆಸಬೇಕು. ಒಂದು ಅಂಕಿ ತಪ್ಪಿದರೂ ಮುಂದೆ ಇದು ತಮ್ಮದೇ ಕೋವಿ ಎಂದು ತೋರಿಸಲು ಅಲೆದಾಡಬೇಕಾಗುತ್ತದೆ. ಚುನಾವಣೆ ಸಮಯದಲ್ಲಿ ಅಪ್ಪ ಠಾಣೆಯಲ್ಲಿ ಠೇವಣಿ ಇಟ್ಟಿದ್ದ ಕೋವಿಯನ್ನು ಅಪ್ಪನ ರಸೀದಿ ತೋರಿಸಿ ಮಗ ಬಿಡಿಸಿಕೊಳ್ಳುವಂತಿಲ್ಲ.

ಪೊಲೀಸರೇ ಲೈಸೆನ್ಸ್ ಕೊಡುತ್ತಾರೆ ಎಂಬ ನಂಬಿಕೆಯೂ ಗಟ್ಟಿಯಾಗಿ ಕೂತಿದೆ. ಬೆಂಗಳೂರು ನಗರದಲ್ಲಿ ಆ ಅಧಿಕಾರ ಪೊಲೀಸ್ ಕಮಿಷನರ್ ಅವರದು, ನಿಜ. ಜಿಲ್ಲೆಗಳಲ್ಲಿ ಅದು ಜಿಲ್ಲಾಧಿಕಾರಿಯದು. ಠಾಣೆಯವರು ಅರ್ಜಿದಾರರ ನಡತೆ, ಹಳೆಯ ಕೇಸು ವಿಚಾರಿಸಿ ವರದಿ ಕಳಿಸುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ 30 ದಿನ, ವರದಿ ಸೇರಿದ ಮೇಲೆ ತೀರ್ಮಾನಕ್ಕೆ 60 ದಿನ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು ಮೇಲ್ಮನವಿ ಹಾಕಬಹುದು.

ಕೋವಿಗೆ ಲೈಸೆನ್ಸ್ ಬೇಡವೆಂಬ ಕೊಡಗಿನ ವಿನಾಯಿತಿಯ ಹೆಸರು ಹೇಳಿ ಬೇರೆ ಜಿಲ್ಲೆಯವರು ವಾದಿಸುವುದುಂಟು. ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಮಾತ್ರ.

ಇನ್ನು, ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಿಸಲು ನಿಯಮದಲ್ಲೇ ದಾರಿಯಿದೆ. ಅಂಥ ಹಿರಿಯರಿರುವ ಮನೆಯವರು ಮುಂದಿನ ನವೀಕರಣದ ತಾರೀಖಿಗೆ ಕಾಯದೆ ಈ ವಾರವೇ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ವಿಚಾರಿಸಬೇಕು.