ಎಣ್ಣೆ ಹಿಡಿದ ಕಲ್ಲು



ಪುಣೆಯ ಎಷ್ಟೋ ಮನೆಗಳಿಗೆ ಹಾಸಿರುವುದು ಶಹಾಬಾದದ ಕಲ್ಲು. ನಮ್ಮಂತೆಯೇ ಅದೂ ಕಲಬುರ್ಗಿ ಸೀಮೆಯಿಂದ ಬಂದುದು. ಅದರ ಜೊತೆಯಲ್ಲೇ ಭೀಮಾ ತೀರದಲ್ಲಿ ಜೇಡಿಗಲ್ಲಿನ, ಎಂದರೆ ಶೇಲಿನ, ಪದರಗಳೂ ಇವೆ. ಹಾಗಾದರೆ ಅಲ್ಲೇಕೆ ಎಣ್ಣೆಯಿಲ್ಲ? ಇದ್ದಿದ್ದರೆ ನಾವು ಇಷ್ಟು ದೂರ ಬರಬೇಕಾಗಿತ್ತೆ?

ಜೇಡಿಯೊಂದೇ ಸಾಲದು. ನಿಂತ ನೀರಿನ ತಳದಲ್ಲಿ, ಗಾಳಿ ಸೋಕದೆ, ಸತ್ತ ಪಾಚಿಯೂ ಸೂಕ್ಷ್ಮಜೀವಿಗಳೂ ಕೆಸರಿನೊಡನೆ ಹೂತುಹೋಗಬೇಕು. ಆಮೇಲೆ ಆಳದಲ್ಲಿ ಸುಮಾರು 60ರಿಂದ 120 ಡಿಗ್ರಿ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಕಡಿಮೆ ಬೆಂದರೆ ಎಣ್ಣೆಯಾಗದು. ಹೆಚ್ಚು ಬೆಂದರೆ ಅನಿಲವಾದೀತು.

ಪುಣೆಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಗುಜರಾತಿನ ಖಂಭಾತ ಸೀಮೆಯಲ್ಲಿ ಅದೇ ಲಾವಾದ ನೆಲ ಕುಸಿಯಿತು. ಅದರ ಮೇಲೆ ಅಂಥ ಕೆಸರು ತುಂಬಿ, ಆಳಕ್ಕಿಳಿದು ಬೆಂದಿತು. ಅಲ್ಲಿಂದ ಒಸರಿ ಮರಳುಗಲ್ಲಿಗೆ ಸೇರಿದ ಎಣ್ಣೆ 1960ರಲ್ಲಿ ಅಂಕಲೇಶ್ವರದಲ್ಲಿ ದೊರೆಯಿತು. ಒಸರದೆ ಜೇಡಿಗಲ್ಲಿನಲ್ಲೇ ಉಳಿದುದಕ್ಕೆ ಶೇಲ್ ಎಣ್ಣೆಯೆನ್ನುತ್ತಾರೆ.

ಭೀಮಾ ತೀರದ ಜೇಡಿಗಲ್ಲು ಗಿಡ, ಮೀನು ಹುಟ್ಟುವುದಕ್ಕೂ ಮುಂಚಿನದು. ಅಲ್ಲಿಯ ಪದರಗಳೆಲ್ಲ ಕೂಡಿದರೂ ದಪ್ಪ ಕೆಲವು ನೂರು ಮೀಟರು ಮಾತ್ರ. ಹೆಸರು ಒಂದೇ ಆದರೂ ಕಲ್ಲಿನ ಬಾಳು ಬೇರೆ. ಊರು ನಮಗೆ ಎಣ್ಣೆ ಕೊಡಲಿಲ್ಲ. ಪರಸ್ಥಳದಲ್ಲಿ ಕಾಲೂರಲು ಹಾಸುಗಲ್ಲು ಕೊಟ್ಟಿದೆ.