ಕೈಯಲ್ಲಿ ಬಲವಿಲ್ಲದ ಮಗುವಿನ ಓದು
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಬೀಜ, ಗೊಬ್ಬರಗಳ ಮಾತಾಡುವ ಗ್ರಾಮಸೇವಕ. ಕಲಿತದ್ದು ಕೃಷಿ ಡಿಪ್ಲೊಮಾ, ನಾನು ವೈದ್ಯನಲ್ಲ. ಆದರೂ ಇಂದು ಬೆಳೆಯ ಮಾತು ಬಿಟ್ಟು ಒಬ್ಬ ಹುಡುಗನ ಮಾತು ಹೇಳುತ್ತೇನೆ. ಅಂಥ ಮಗು ನಿಮ್ಮ ಓಣಿಯಲ್ಲಿಯೂ ಇರಬಹುದು.

ಹೋದ ಮುಂಗಾರಿನಲ್ಲಿ, ಹೆಸರು ಬಿತ್ತುವ ಹೊತ್ತಿಗೆ, ಧಾರವಾಡ ತಾಲೂಕಿನ ಒಬ್ಬ ಹಿರಿಯ ರೈತರ ಮನೆಗೆ ಹೋಗಿದ್ದೆ. ಆರನೆಯ ಇಯತ್ತೆ ಓದುವ ಮಗ ಕಟ್ಟೆಯ ಮೇಲೆ ಕುಳಿತಿದ್ದ. "ಇಂವ ಬರಿಯಾಕ ಮೈಗಳ್ಳ ಅದಾನ್ರೀ ಸಾಹೇಬ್ರ. ಸಾಲಿ ಬಿಡಿಸಿ ದನಾ ಕಾಯಾಕ ಹಚ್ಚತೇನ್ರೀ" ಎಂದರು ತಂದೆ. ನಾನು ಹುಡುಗನನ್ನು ಕೇಳಿದೆ: "ತಮ್ಮಾ, ಎಕರೆಗೆ 5 ಕಿಲೋ ಬೀಜ ಆದ್ರ ಮೂರೂವರಿ ಎಕರೆಗೆ ಎಷ್ಟು ಬೇಕು?" "ಹದಿನೇಳೂವರಿ ಕಿಲೋ ರೀ" ಎಂದು ಕೂಡಲೇ ಹೇಳಿದ. ಅದನ್ನೇ ಬರೆ ಎಂದರೆ ಪೆನ್ಸಿಲು ಬೆರಳಿನಿಂದ ಜಾರಿತು. ಅಂಗಿಯ ಗುಂಡಿಯನ್ನೂ ತಾಯಿಯೇ ಹಾಕಬೇಕಾಗಿತ್ತು.

"ಕಾಕಾ, ಇದು ಮೈಗಳ್ಳತನ ಅಲ್ಲ. ಕೈಯಾಗ ಬಲ ಇಲ್ಲ. ದವಾಖಾನಿಗೆ ತೋರಸ್ರೀ" ಎಂದೆ. ತೋರಿಸಿದರು. ನರ-ಸ್ನಾಯುಗಳ ರೋಗವೆಂದು ತಿಳಿಯಿತು.

ಇದೇನು ರೋಗ? ಮಲಪ್ರಭೆಯ ಕಾಲುವೆಯನ್ನು ನೆನೆಯಿರಿ. ಕಾಲುವೆ ಒಡೆದರೆ ಹೊಲಕ್ಕೆ ನೀರು ಮುಟ್ಟದು. ಕಾಲುವೆ ಸರಿಯಿದ್ದು ಮಣ್ಣೇ ಕೆಟ್ಟಿದ್ದರೂ ಬೆಳೆ ಬಾರದು. ಹಾಗೆಯೇ ಮಿದುಳಿನ ಅಪ್ಪಣೆ ನರದ ದಾರಿಯಾಗಿ ಸ್ನಾಯುವಿಗೆ ಬರಬೇಕು. ಕೆಲವರಲ್ಲಿ ನರ ಕೆಟ್ಟಿರುತ್ತದೆ, ಕೆಲವರಲ್ಲಿ ಸ್ನಾಯುವೇ ಸವೆಯುತ್ತದೆ. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಇಂಥ ಅನೇಕ ರೋಗಗಳು ವಂಶದಿಂದ ಬರುತ್ತವೆ. ಅವುಗಳಲ್ಲಿ ಕೆಲವು ರಕ್ತಸಂಬಂಧದ ಮದುವೆಯಿಂದ ಹೆಚ್ಚು. ಇದಕ್ಕಾಗಿ ತಾಯಿಯನ್ನು ದೂರಬೇಡಿರಿ. ಮುಂದಿನ ಮಗುವಿನ ವಿಚಾರವಿದ್ದರೆ ವೈದ್ಯರನ್ನು ಮೊದಲೇ ಕೇಳಿರಿ.

ಗುರುತುಗಳು ಇವು: ಮೊದಲಿನ ಎರಡು ಸಾಲು ನೆಟ್ಟಗೆ ಬರೆದು ಆಮೇಲೆ ಅಕ್ಷರ ಚೆದರುವುದು, ಡಬ್ಬಿಯ ಮುಚ್ಚಳ ತೆಗೆಯಲಾಗದಿರುವುದು, ಮೇಲಿಂದ ಮೇಲೆ ಎಡವಿ ಬೀಳುವುದು. ಕಂಡರೆ ತಡಮಾಡದೆ ಹುಬ್ಬಳ್ಳಿಯ ಕಿಮ್ಸ್ ಎಂದು ಜನ ಕರೆಯುವ ಸರಕಾರಿ ಆಸ್ಪತ್ರೆಗೆ ಹೋಗಿರಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಈ ರೋಗಗಳಲ್ಲಿ ಕೆಲವಕ್ಕೆ ಔಷಧವಿದೆ. ಬಹಳಷ್ಟಕ್ಕೆ ಪೂರ್ತಿ ಗುಣವಿಲ್ಲ. ಬಲ ಬರಲೆಂದು ಭಾರ ಎತ್ತಿಸುವುದು, ಎಣ್ಣೆ ಹಚ್ಚಿ ಜಗ್ಗಿ ತಿಕ್ಕುವುದು ಬೇಡ. ವ್ಯಾಯಾಮವನ್ನು ತಿಳಿದವರು ಹೇಳಿದಷ್ಟೇ ಮಾಡಿಸಿರಿ.

ಇನ್ನು ಮನೆಯಲ್ಲಿ ಮಾಡತಕ್ಕದ್ದು. ಪೆನ್ಸಿಲಿಗೆ ಬಟ್ಟೆ ಅಥವಾ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿರಿ. ಮೊಣಕೈಗೆ ಆಸರೆ ಸಿಗುವ ಎತ್ತರದಲ್ಲಿ ಹಲಗೆಯನ್ನು ಇಳಿಜಾರಾಗಿ ಇಟ್ಟು, ಹಾಳೆ ಸರಿಯದಂತೆ ಚಿಮಟಿ ಹಾಕಿರಿ. ಗುಂಡಿಗಳ ಬದಲು ಒತ್ತಿದರೆ ಅಂಟುವ ಪಟ್ಟಿ ಹೊಲಿಯಿರಿ. ಹಿಡಿಕೆಯಿರುವ ಲೋಟ ಕೊಡಿರಿ.

ಶಾಲೆಯಲ್ಲಿ ಗುರುಗಳಿಗೆ ವಿನಂತಿ ಮಾಡಿರಿ: ಹಲಗೆಯ ಮೇಲಿನದನ್ನೆಲ್ಲ ನಕಲು ಮಾಡಿಸುವುದು ಬೇಡ, ಗೆಳೆಯನ ವಹಿಯಿಂದ ಪಡೆಯಲಿ. ಹತ್ತು ಲೆಕ್ಕಗಳಲ್ಲಿ ಮೂರನ್ನು ಬರೆಯಲಿ, ಉಳಿದವನ್ನು ಬಾಯಿಂದ ಹೇಳಲಿ. ನಡುನಡುವೆ ಕೈಗೆ ವಿಶ್ರಾಂತಿ ಇರಲಿ. ಹಳೆಯ ಪುಸ್ತಕಗಳ ಇನ್ನೊಂದು ಜೊತೆ ಸಿಕ್ಕರೆ ಒಂದು ಶಾಲೆಯಲ್ಲಿಯೇ ಇರಲಿ. ಚೀಲದ ಭಾರ ತಪ್ಪುತ್ತದೆ. ಬ್ಲಾಕಿನ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು ಮುಖ್ಯಾಧ್ಯಾಪಕರ ಮೂಲಕ ಕರೆಸಿರಿ.

ಇದು ಭಿಕ್ಷೆಯಲ್ಲ, ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯು ಸವೆತದ ರೋಗದ ಹೆಸರಿದೆ. ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣವುಂಟು. ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರುಂಟು; ಕೇಂದ್ರದ ನಿಯಮದಂತೆ ಗಂಟೆಗೆ 20 ನಿಮಿಷ ಹೆಚ್ಚು ವೇಳೆ. ಶೇಕಡಾ 40 ಇಲ್ಲವೆಂದು ಕೈಬಿಡಬೇಡಿರಿ. ಬರೆಯುವಾಗ ಕೈ ಸೆಟೆಯುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ, ಅಷ್ಟೇ ಕಾರಣಕ್ಕೆ ಸಹಾಯಕರನ್ನು ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2022ರಲ್ಲಿ ಅದಕ್ಕೆ ನಿಯಮಗಳೂ ಬಂದವು. ವೈದ್ಯರ ಪತ್ರ ತೆಗೆದುಕೊಂಡು ವರ್ಷದ ಆರಂಭದಲ್ಲಿಯೇ ಅರ್ಜಿ ಕೊಡಿರಿ. ಗುರುತಿನ ಚೀಟಿಗೆ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಆ ಹುಡುಗನ ಕೈ ಗುಣವಾಗಿಲ್ಲ. ಆದರೆ ಈಗ ಏಳನೆಯ ಇಯತ್ತೆಯಲ್ಲಿದ್ದಾನೆ. ಮೊನ್ನೆ ಅವನ ತಂದೆ ತಾವಾಗಿಯೇ ಹೇಳಿದರು: "ಹೆಗಲು ಹುಣ್ಣಾದ ಎತ್ತಿಗೆ ನೊಗಾ ಹೇರೂದಿಲ್ಲ ನಾವು. ಮಗನ ಕೈಗೆ ಮಾತ್ರ ಹೇರತಿದ್ವಿ ನೋಡ್ರೀ." ಈಗ ಆ ಮನೆಯ ಗೊಬ್ಬರದ ಲೆಕ್ಕವನ್ನೆಲ್ಲ ಹುಡುಗನೇ ಬಾಯಿಂದ ಹೇಳುತ್ತಾನೆ, ತಂಗಿ ಬರೆದುಕೊಳ್ಳುತ್ತಾಳೆ.

ಬಾಂಧವರೇ, ಕೈ ಸೋತಿತೆಂದು ಓದನ್ನು ಬಿಡಿಸಬೇಡಿರಿ. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಇಂಥ ಮಗುವಿದ್ದರೆ, ಸಭೆ ಮುಗಿದ ಮೇಲೆ ನನಗೆ ತಿಳಿಸಿರಿ. ನಾಳೆಯೇ ಕೂಡಿ ಆ ಮನೆಗೆ ಹೋಗೋಣ.